ಎರಡು ಸುತ್ತು ಜಾಯಿಕಾಯಿ

ಬೆಂಗಳೂರಿಗೆ ಬಂದ ಮೂರನೆಯ ದಿನ ಸೀಮೆಎಣ್ಣೆ ಕ್ಯೂನಲ್ಲಿ ನಿಂತಿದ್ದಾಗ ಹಿಂದಿನಿಂದ ಯಾರೋ "ಆಂಟಿ, ಸ್ವಲ್ಪ ಮುಂದಕ್ಕೆ ಹೋಗಿ" ಎಂದರು. ಯಾರೋ ವಯಸ್ಸಾದವರಿಗೆ ಹೇಳುತ್ತಿದ್ದಾರೆ ಎಂದುಕೊಂಡು ನಾನು ಅಲ್ಲೇ ನಿಂತಿದ್ದೆ. "ನಿಮಗೇ ಆಂಟಿ" ಎಂದು ಆಕೆ ನನ್ನ ಭುಜ ತಟ್ಟಿದಾಗ ಬೆಚ್ಚಿಬಿದ್ದೆ. ಆಗ ನನಗೆ ಮೂವತ್ತೆರಡು ವರ್ಷ. ತಿಪಟೂರಿನಲ್ಲಿ ನನಗಿಂತ ದೊಡ್ಡವರೂ ನನ್ನನ್ನು ಅಕ್ಕ ಎನ್ನುತ್ತಿದ್ದರು. ನಾನು ನೋಡಿಕೊಳ್ಳುತ್ತಿದ್ದ ಮಕ್ಕಳಿಗೆಲ್ಲ ನಾನು ಅತ್ತೆ. ಒಂದು ರೈಲು ಹತ್ತಿ ಇಳಿಯುವಷ್ಟರಲ್ಲಿ ಆಂಟಿಯಾಗಿದ್ದೆ.

ತಿಪಟೂರಿನಲ್ಲಿ ಆರು ವರ್ಷ ಮಕ್ಕಳನ್ನು ನೋಡಿಕೊಂಡಿದ್ದೆ. ಶುರುವಾಗಿದ್ದು ಪಕ್ಕದ ಮನೆಯ ಟೀಚರಮ್ಮನ ಮಗುವಿನಿಂದ. ಆಮೇಲೆ ಆಸ್ಪತ್ರೆಯ ನರ್ಸಮ್ಮನ ಅವಳಿಗಳು ಬಂದವು, ಕೊಬ್ಬರಿ ಮಂಡಿಯವರ ಮೊಮ್ಮಗ ಬಂದ. ಕೊನೆಕೊನೆಗೆ ಏಳೆಂಟು ಮಕ್ಕಳು ನಮ್ಮ ನಡುಮನೆಯಲ್ಲಿ ಅಂಬೆಗಾಲಿಡುತ್ತಿದ್ದವು. ಅದು ಕಸುಬು ಎಂದು ನನಗೆ ಅನ್ನಿಸಿರಲೇ ಇಲ್ಲ. ತಿಂಗಳಿಗೊಮ್ಮೆ ಅವರು ಕೈಗಿಡುತ್ತಿದ್ದುದನ್ನು ದೇವರ ಮುಂದಿಟ್ಟು ಒಳಗಿಡುತ್ತಿದ್ದೆ, ಅಷ್ಟೆ.

ನಮ್ಮ ಯಜಮಾನರಿಗೆ ಬೆಂಗಳೂರಿಗೆ ವರ್ಗವಾಯಿತು. ಗುಮಾಸ್ತರಾಗಿದ್ದವರಿಗೆ ಸಣ್ಣ ಬಡ್ತಿಯೂ ಸಿಕ್ಕಿತು. ಊರೆಲ್ಲ ಸಂತೋಷಪಟ್ಟಿತು. ಬೆಂಗಳೂರಿನ ಬಾಡಿಗೆ ಏನು ಎಂಬುದನ್ನು ಮಾತ್ರ ಒಬ್ಬರೂ ಹೇಳಲಿಲ್ಲ. ವಿಜಯನಗರದಲ್ಲಿ, ಹೊಸಹಳ್ಳಿಗೆ ಹತ್ತಿರ, ಒಂದೇ ಸಾಲಿನಲ್ಲಿ ನಾಲ್ಕು ಮನೆಗಳಿದ್ದ ವಠಾರವನ್ನು ನೋಡಲು ಹೋದೆವು. ಅಲ್ಲಿ ಹಿಂದೆ ವಠಾರದ ಮಾಲೀಕರ ರಾಗಿ ಹೊಲ ಇತ್ತಂತೆ. ಹೊಲ ಬಡಾವಣೆಯಾದ ಮೇಲೆ ಉಳಿದ ಜಾಗದಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದರು. ಹಿಂದುಗಡೆ ಕೊಟ್ಟಿಗೆ, ಮೂರು ಹಸು. ಮನೆ ಒಡತಿ ಸೆಗಣಿ ಕೈಯನ್ನು ಸೀರೆಗೆ ತಾಕಿಸದಂತೆ ಎತ್ತಿ ಹಿಡಿದುಕೊಂಡೇ ಮಾತಾಡಿದರು.

"ಅಡ್ವಾನ್ಸು ಹತ್ ತಿಂಗಳ್ದು ಕಣವ್ವಾ."

"ಹತ್ತು ತಿಂಗಳದ್ದಾ?"

"ಊಂ. ನಲ್ಲೀಲಿ ನೀರ್ ಬತ್ತದೆ, ಕರೆಂಟದೆ. ಇನ್ನೇನ್ ಬೇಕು, ಅರಮನೆನಾ?"

ನಾನು ಯಜಮಾನರ ಮುಖ ನೋಡಿದೆ. ಅವರು ಹಸುವಿನ ಮುಖ ನೋಡುತ್ತಿದ್ದರು.

"ಮಕ್ಕಳನ್ನ ನೋಡ್ಕೋಬೇಕು ಅಂತಿದೀನಿ" ಎಂದೆ. "ಕೆಲಸಕ್ಕೆ ಹೋಗೋರ ಮಕ್ಕಳು. ನಾಲ್ಕೈದು ಬರಬಹುದು. ನಿಮ್ಮದೇನೂ ಅಡ್ಡಿ ಇಲ್ಲ ತಾನೆ?"

"ಎಷ್ಟ್ ಮಕ್ಳಾರ ಬರ್ಲಿ. ಕೊಟ್ಟಿಗೆ ತಾವ ಮಾತ್ರ ಬುಡ್ಬ್ಯಾಡ. ನಮ್ ಕೆಂದ ಹಸ ಹಾಯ್ತದೆ."

ನನ್ನ ಎರಡು ಬಳೆಗಳು ಅಡ್ವಾನ್ಸಿಗೆ ಹೋದವು. ಅದಕ್ಕೆ ನಾನು ಅಳಲಿಲ್ಲ. ಮೂರು ಹಸು ಇರುವ ಮನೆಯಲ್ಲಿ ಮಕ್ಕಳ ಹಾಲಿಗೆ ಬೀದಿ ಅಲೆಯಬೇಕಾಗಿಲ್ಲವಲ್ಲ, ಅದೇ ಆಂಜನೇಯನ ದೊಡ್ಡ ದಯೆ ಎಂದುಕೊಂಡೆ. ಆ ಮನೆಗೆ ಬಂದ ಸಂಜೆ ಯಜಮಾನರು ಚಾಪೆಯ ಮೇಲೆ ಕೂತು ಇದ್ದದ್ದನ್ನು ಇದ್ದ ಹಾಗೇ ಹೇಳಿದರು.

"ನನ್ನ ಸಂಬಳ ಒಂದರಲ್ಲಿ ಇಲ್ಲಿ ಆಗಲ್ಲ ಕಣೇ. ನಿನಗೆ ಮಕ್ಕಳು ಸಿಕ್ಕಿದ್ರೆ ಉಳ್ಕೋಬಹುದು. ಸಿಗಲಿಲ್ಲ ಅಂದ್ರೆ ನೀನೂ ಮಗಳೂ ಅಣ್ಣನ ಮನೇಲಿರಿ. ನಾನು ಇಲ್ಲೆಲ್ಲಾದ್ರೂ ಒಂದು ರೂಮಲ್ಲಿ ಇದ್ಕೊಂಡು ತಿಂಗಳಿಗೊಂದ್ಸಲ ಬಂದು ಹೋಗ್ತೀನಿ."

ನಮ್ಮ ಮಗಳು ಆಗ ಎರಡನೆಯ ಕ್ಲಾಸು. ಅಪ್ಪ ಆಫೀಸಿನಿಂದ ಬರುವ ಹೊತ್ತಿಗೆ ಬಾಗಿಲಲ್ಲಿ ನಿಂತಿರದ ದಿನ ಅವಳಿಗೆ ಗೊತ್ತಿರಲಿಲ್ಲ. ಬಾವನ ಮನೆಯವರು ಕೆಟ್ಟವರಲ್ಲ, ಆದರೆ ಅವರಲ್ಲಿ ನಾನು ಆರು ತಿಂಗಳು ಇದ್ದವಳು. ಇನ್ನೊಮ್ಮೆ ಇರುವ ಶಕ್ತಿ ನನಗಿರಲಿಲ್ಲ. ಹೇಗಾದರೂ ಮಕ್ಕಳು ಬರಬೇಕಿತ್ತು.

ಯಾರನ್ನು ಕೇಳುವುದೆಂದು ತಿಳಿಯದೆ ಆಂಜನೇಯನ ಗುಡಿಗೆ ಹೋದೆ. ಗುಡಿಯ ಮುಂದೆ ಹೂವು ಕಟ್ಟುವವಳಿಗೆ ಹೇಳಿದೆ. ಅವಳು ಮೊಳ ಹಾಕುತ್ತಲೇ, "ಬೇಬಿ ಸಿಟ್ಟಿಂಗಾ ಅಮ್ಮಾ? ಅಯ್ಯೋ, ಎಷ್ಟ್ ಜನ ಹುಡುಕ್ತಾವ್ರೆ" ಎಂದಳು. ನಾನು ಆರು ವರ್ಷ ಮಾಡಿದ ಕೆಲಸಕ್ಕೆ ಇಂಗ್ಲಿಷಿನಲ್ಲಿ ಒಂದು ಹೆಸರಿದೆ ಎಂದು ತಿಳಿದಿದ್ದು ಹೂವಿನವಳಿಂದ. ಹದಿನೈದು ದಿನದಲ್ಲಿ ಐದು ಮಕ್ಕಳು ಬಂದವು. ಒಂದು ಕಾಯಿ ಒಡೆಸಿ ಬಂದೆ.

ಬಂದವು ಎಂದೆ. ಅವು ಬಂದ ರೀತಿ ನೋಡಿ ನನಗೆ ಗರ ಬಡಿದಂತಾಗಿತ್ತು.

ಬೆಳಗ್ಗೆ ಏಳೂವರೆಗೆ ಬಾಗಿಲಲ್ಲಿ ಮಗು. ಮಗುವಿನ ಜೊತೆ ಒಂದು ಪ್ಲಾಸ್ಟಿಕ್ ಬುಟ್ಟಿ, ಅದರಲ್ಲಿ ಬಾಟಲು, ಚಡ್ಡಿ, ಒಂದು ಡಬ್ಬಿ. "ಬರ್ತೀನಿ ಆಂಟಿ, ಬಸ್ ಬಂತು." ಅಷ್ಟೇ. ನಾನು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ತಿರುಗುವಷ್ಟರಲ್ಲಿ ತಾಯಿ ಗೇಟಿನಾಚೆ ಓಡುತ್ತಿರುತ್ತಿದ್ದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ತಂದೆಯಂತೂ ಸ್ಕೂಟರಿನಿಂದ ಇಳಿಯುತ್ತಲೇ ಇರಲಿಲ್ಲ. ಇಂಜಿನ್ ಆಫ್ ಮಾಡದೆ, ಮುಂದೆ ನಿಲ್ಲಿಸಿಕೊಂಡು ಬಂದ ಒಂದೂವರೆ ವರ್ಷದ ಗಂಡು ಮಗುವನ್ನು ಕಂಕುಳಿಗೆ ಕೈಹಾಕಿ ಎತ್ತಿ ನನ್ನತ್ತ ಚಾಚುತ್ತಿದ್ದರು. ಅಂಗಡಿಯವನು ಕೌಂಟರಿನ ಮೇಲಿಂದ ಸಾಮಾನು ಕೊಡುವ ಹಾಗೆ. ನಾನು "ತಿಂಡಿ ಆಗಿದೆಯಾ?" ಎಂದು ಕೇಳಿದ್ದು ಹೊಗೆಯೊಳಗೇ ಹೋಗಿಬಿಡುತ್ತಿತ್ತು.

ಮೊದಲ ವಾರ ಯಜಮಾನರಿಗೆ ಹೇಳಿದೆ, "ಇವರಿಗೆ ನನ್ನ ಮೇಲೆ ಇಷ್ಟು ನಂಬಿಕೆ ಹೇಗೆ ಬಂತು ಅಂತಲೇ ತಿಳೀತಿಲ್ಲ."

"ನಂಬಿಕೆ ಅಲ್ಲ ಕಣೇ, ಅವಸರ" ಎಂದರು.

ನಾನು ಅದನ್ನು ನಂಬಿಕೆ ಎಂದೇ ಇಟ್ಟುಕೊಂಡೆ. ಹಾಗಂದುಕೊಂಡರೆ ಮನಸ್ಸಿಗೆ ಹಿತವಾಗಿತ್ತು.

ಐವರಲ್ಲಿ ಚಿಕ್ಕವಳು ಒಂಬತ್ತು ತಿಂಗಳ ಹೆಣ್ಣು ಮಗು. ಎಲ್ಲರೂ ಪುಟ್ಟಿ ಎನ್ನುತ್ತಿದ್ದರು. ತಾಯಿ ಒಂದು ಕಾರ್ಖಾನೆಯಲ್ಲಿ ಸಣ್ಣ ಸಣ್ಣ ತಂತಿ ಜೋಡಿಸುವ ಕೆಲಸಕ್ಕೆ ಹೋಗುತ್ತಿದ್ದಳು, ತಂದೆಯೂ ಅಲ್ಲೇ. ಮನೆ ಮಾರೇನಹಳ್ಳಿಯಲ್ಲಿ, ಹಿಟ್ಟಿನ ಗಿರಣಿ ಹಿಂದೆ. ಇಷ್ಟೇ ನನಗೆ ಗೊತ್ತಿದ್ದುದು. ಇಷ್ಟೇ ಎನ್ನುವುದು ಎಷ್ಟು ಕಡಿಮೆ ಎಂದು ಗೊತ್ತಾಗಲು ಒಂದು ಮಂಗಳವಾರ ಬರಬೇಕಾಯಿತು.

ಆ ದಿನ ಪುಟ್ಟಿ ಬಂದಾಗಿನಿಂದ ರಚ್ಚೆ ಹಿಡಿದಿದ್ದಳು. ಕಣ್ಣು ಎಳೆಯುತ್ತಿತ್ತು, ನಿದ್ದೆ ಹತ್ತುತ್ತಿರಲಿಲ್ಲ. ಬೆರಳು ಹಾಕಿ ನೋಡಿದರೆ ಒಸಡು ಊದಿತ್ತು. ಹಲ್ಲು ಬರುವ ಮಕ್ಕಳನ್ನು ನಾನು ಎಷ್ಟು ನೋಡಿದ್ದೆ! ನನ್ನ ಹತ್ತಿರ ಮದ್ದಿನ ಡಬ್ಬಿ ಇತ್ತು. ಬಜೆ, ಅಳಲೆಕಾಯಿ, ಮಾಚಿಕಾಯಿ, ಜಾಯಿಕಾಯಿ, ಜೊತೆಗೆ ನಮ್ಮಮ್ಮ ಕೊಟ್ಟ ತೇಯುವ ಕಲ್ಲು. ಕಲ್ಲಿನ ಮೇಲೆ ನಾಲ್ಕು ಹನಿ ಹಾಲು ಬಿಟ್ಟು ಜಾಯಿಕಾಯಿಯನ್ನು ದುಂಡಗೆ ಒಂದು ಸಲ ಉಜ್ಜಿದರೆ ಅದು ಒಂದು ಸುತ್ತು. ಆರು ತಿಂಗಳಿಗೆ ಒಂದು, ವರ್ಷದ ಹತ್ತಿರ ಬಂದ ಮಗುವಿಗೆ ಎರಡು. ನಮ್ಮಲ್ಲಿ ಎಲ್ಲ ಮನೆಯಲ್ಲೂ ಇದೇ ರೂಢಿ. ತಿಪಟೂರಿನಲ್ಲಿ ನರ್ಸಮ್ಮ ಕೂಡ ತನ್ನ ಅವಳಿಗಳಿಗೆ ನನ್ನ ಕೈಯಿಂದಲೇ ಹಾಕಿಸುತ್ತಿದ್ದಳು.

ಒಂಬತ್ತೂವರೆಗೆ ಎರಡು ಸುತ್ತು ತೇಯ್ದು, ಹಾಲಿನಲ್ಲಿ ಕಲಸಿ, ಒಳಲೆಯಲ್ಲಿ ಕುಡಿಸಿದೆ. ಹತ್ತು ಗಂಟೆಗೆ ಪುಟ್ಟಿ ಮಲಗಿದಳು. "ಅಬ್ಬಾ, ಆಂಜನೇಯ" ಎಂದು ಉಳಿದ ನಾಲ್ಕಕ್ಕೂ ಅನ್ನ ಕಲಸಿದೆ. ಹನ್ನೆರಡಾಯಿತು. ಮಲಗಲಿ ಪಾಪ ಎಂದುಕೊಂಡೆ. ಒಂದಾಯಿತು. ಆಗಲೂ ಮಲಗಲಿ ಎಂದೇ ಅಂದುಕೊಂಡೆ.

ಎರಡು ಗಂಟೆಯ ಹೊತ್ತಿಗೆ ಮನೆ ಒಡತಿ ಹಸುಗಳಿಗೆ ಕಲಗಚ್ಚು ತೆಗೆದುಕೊಂಡು ಹೋಗಲು ಬಂದರು. ಬಕೆಟ್ಟನ್ನು ಕೆಳಗಿಟ್ಟು ಚಾಪೆಯ ಕಡೆ ನೋಡಿದರು.

"ಇದೇನವ್ವಾ, ಈ ಮಗ ಹಿಂಗ್ ಮಲಗದೆ?"

"ಹಲ್ಲು ಬರ್ತಿದೆ. ಬೆಳಗ್ಗೆಯಿಂದ ಅತ್ತು ಅತ್ತು ಮಲಗಿದೆ."

ಅವರು ಬಗ್ಗಿ ಮಗುವಿನ ಅಂಗಾಲನ್ನು ಉಗುರಿನಿಂದ ಗೀಚಿದರು. ಮಗು ಕಾಲು ಎಳೆದುಕೊಳ್ಳಲಿಲ್ಲ. ಇನ್ನೊಮ್ಮೆ ಗೀಚಿದರು. ಆಮೇಲೆ ಎತ್ತಿಕೊಂಡರು. ಮಗುವಿನ ಕತ್ತು ಅವರ ತೋಳಿನ ಮೇಲಿಂದ ಜೋಲುಬಿದ್ದಿತು.

"ಏನ್ ಕುಡ್ಸ್ದೆ ನೀನು?"

ಮಗುವಿನ ಮೂಗಿನ ಹತ್ತಿರ ಕೈ ಇಟ್ಟೆ. ಉಸಿರು ಇತ್ತು, ಬೆಚ್ಚಗೆ, ನಿಧಾನವಾಗಿ. ಮುಖಕ್ಕೆ ನೀರು ಚಿಮುಕಿಸಿದೆ. ರೆಪ್ಪೆ ಒಂದಿಷ್ಟು ಅದುರಿತು, ತೆರೆಯಲಿಲ್ಲ.

"ನಿಂತ್ಕೊಂಡ್ ಏನ್ ನೋಡ್ತೀಯೇ? ಹಿಂದ್ಗಡೆ ರೋಡಲ್ಲಿ ಡಾಕ್ಟ್ರು ಅವ್ರೆ, ಓಡು! ಇವುಗಳ್ನ ನಾನ್ ನೋಡ್ಕತೀನಿ. ನಮ್ಮೆಜಮಾನ್ರುನ್ನ ಮಾರೇನಳ್ಳಿಗೆ ಕಳುಸ್ತೀನಿ. ಗಿರಣಿ ಹಿಂದ್ಗಡೆ ಅಲ್ವಾ? ಓಡೇ ತಾಯಿ!"

ಓಡಿದೆ. ಮದುವೆಯಾದ ಮೇಲೆ ನಾನು ಬೀದಿಯಲ್ಲಿ ಓಡಿದ್ದು ಅದೇ ಮೊದಲು. ಚಪ್ಪಲಿ ಹಾಕಿಕೊಂಡಿರಲಿಲ್ಲ. ಹರಕೆ ಹೊರಬೇಕು ಎಂದರೆ ಏನು ಹೊರಬೇಕೆಂದು ಹೊಳೆಯಲಿಲ್ಲ. ಆಂಜನೇಯಾ, ಆಂಜನೇಯಾ ಎಂಬುದೊಂದೇ ಬಾಯಲ್ಲಿ. ಡಾಕ್ಟರು ಊಟ ಮಾಡಿ ಮಲಗಿದ್ದವರು ಎದ್ದು ಬಂದರು. ಅದನ್ನೂ ದಯೆ ಎಂದೇ ಎಣಿಸುತ್ತೇನೆ. ಸಂಜೆ ಐದಕ್ಕೆ ಬನ್ನಿ ಎಂದಿದ್ದರೆ ನಾನು ಆ ಬಾಗಿಲಲ್ಲೇ ಬೀಳುತ್ತಿದ್ದೆ.

ಮಗುವಿನ ಕಣ್ಣು ಬಿಡಿಸಿ ಟಾರ್ಚು ಹಾಕಿ ನೋಡಿದರು. ಎದೆಗೆ ಕೊಳವೆ ಇಟ್ಟರು.

"ಮಗು ಹೆಸರೇನಮ್ಮಾ?"

"ಪುಟ್ಟಿ."

"ಅದು ಕರೆಯೋ ಹೆಸರು. ನಿಜವಾದ ಹೆಸರು?"

ನನಗೆ ಗೊತ್ತಿರಲಿಲ್ಲ. ಒಂದು ತಿಂಗಳಿಂದ ನನ್ನ ಮಡಿಲಲ್ಲಿ ಮಲಗುತ್ತಿದ್ದ ಮಗುವಿನ ಹೆಸರು ನನಗೆ ಗೊತ್ತಿರಲಿಲ್ಲ.

"ನಿಮ್ಮ ಮಗು ಅಲ್ವಾ?"

"ಅಲ್ಲ ಸಾರ್. ನಾನು ನೋಡ್ಕೋತೀನಿ. ಬೇಬಿ ಸಿಟ್ಟಿಂಗು."

ಅವರ ಮುಖ ಬದಲಾಯಿತು.

"ಏನು ಕೊಟ್ರಿ?"

"ಜಾಯಿಕಾಯಿ. ಎರಡು ಸುತ್ತು."

"ಎರಡು ಸುತ್ತಿಗೆ ಮಗು ಹೀಗಾಗಲ್ಲ. ನೋಡಮ್ಮಾ, ನಿಜ ಹೇಳಿದ್ರೆ ಮಗು ಉಳಿಸ್ಕೋಬಹುದು. ಅಫೀಮು ಕೊಟ್ಟಿದೀಯಾ?"

ನಾನು ಆ ಪದವನ್ನು ಕೇಳಿದ್ದೆ. ದುಡಿಯಲು ಹೋಗುವ ಹೆಂಗಸರ ಮಕ್ಕಳಿಗೆ ಅದನ್ನು ನೆಕ್ಕಿಸಿ ಮಲಗಿಸುವ ಮುದುಕಿಯರ ಕತೆಯನ್ನು ಯಾರೋ ಹೇಳಿದ್ದರು. ಆ ಮುದುಕಿಯರ ಸಾಲಿನಲ್ಲಿ ಡಾಕ್ಟರು ನನ್ನನ್ನು ನಿಲ್ಲಿಸಿದ್ದರು. ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಚುರುಕ್ ಎನ್ನುತ್ತಿರಲಿಲ್ಲ.

"ದೇವರಾಣೆ ಇಲ್ಲ ಸಾರ್" ಎಂದೆ. "ಜಾಯಿಕಾಯಿ ಒಂದೇ. ಎರಡೇ ಸುತ್ತು."

"ಬೆಳಗ್ಗೆ ಮನೇಲಿ ಏನು ಕೊಟ್ಟಿದ್ರು?"

"ಗೊತ್ತಿಲ್ಲ."

"ಯಾವಾಗ ಹಾಲು ಕುಡೀತು? ಯಾವಾಗ ಎದ್ದಿತ್ತು? ಜ್ವರ ಇತ್ತಾ?"

"ಗೊತ್ತಿಲ್ಲ ಸಾರ್."

ಗೊತ್ತಿಲ್ಲ, ಗೊತ್ತಿಲ್ಲ. ಹಾಗೆ ಹೇಳುತ್ತ ನಿಂತಾಗ ನನಗೆ ತಿಪಟೂರಿನ ಟೀಚರಮ್ಮನ ನೆನಪಾಯಿತು. ಅವಳು ಬೆಳಗ್ಗೆ ಮಗುವನ್ನು ತಂದರೆ ಕೊಟ್ಟ ಕೂಡಲೇ ಹೋಗುತ್ತಿರಲಿಲ್ಲ. ನಮ್ಮ ಜಗಲಿಯ ಮೇಲೆ ಕೂತು, ಕಾಫಿ ಕುಡಿದು, ರಾತ್ರಿ ಎಷ್ಟು ಸಲ ಎದ್ದಿತು, ಹೊಟ್ಟೆ ಹೇಗಿದೆ, ಅತ್ತೆ ಏನು ಹಾಕಿದರು, ಗಂಡ ಏನೆಂದ, ಎಲ್ಲ ಒಪ್ಪಿಸಿಯೇ ಏಳುತ್ತಿದ್ದಳು. ನರ್ಸಮ್ಮನೂ ಹಾಗೇ. ನಾನು ಅದನ್ನು ಹರಟೆ ಎಂದುಕೊಂಡಿದ್ದೆ. ಕೆಲವು ದಿನ ಇವರು ಯಾವಾಗ ಏಳುತ್ತಾರೋ ಎಂದು ಬೇಸರವೂ ಆಗುತ್ತಿತ್ತು. ನನ್ನ ಕೆಲಸದ ಅರ್ಧ ಆ ಜಗಲಿಯ ಮೇಲೇ ನಡೆದುಹೋಗುತ್ತಿತ್ತು ಎಂದು ನನಗೆ ತಿಳಿದೇ ಇರಲಿಲ್ಲ. ಬೆಂಗಳೂರಿಗೆ ಮದ್ದಿನ ಡಬ್ಬಿ ತಂದಿದ್ದೆ, ತೇಯುವ ಕಲ್ಲು ತಂದಿದ್ದೆ. ಆ ಅರ್ಧ ಮಾತ್ರ ಬಂದಿರಲಿಲ್ಲ.

ಡಾಕ್ಟರು ಮಗುವನ್ನು ನನ್ನ ಮಡಿಲಲ್ಲೇ ಪಕ್ಕಕ್ಕೆ ಮಲಗಿಸಿ, ಹತ್ತು ನಿಮಿಷಕ್ಕೊಮ್ಮೆ ಬಂದು ನಾಡಿ ನೋಡುತ್ತಿದ್ದರು. "ಇನ್ನೊಂದು ಗಂಟೆ ನೋಡ್ತೀನಿ. ಆಮೇಲೆ ದೊಡ್ಡಾಸ್ಪತ್ರೆ" ಎಂದರು. ಅಷ್ಟರಲ್ಲಿ ಮನೆ ಒಡತಿಯ ಗಂಡ ಒಬ್ಬ ಮುದುಕಿಯನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬಂದರು. ಪುಟ್ಟಿಯ ಅಪ್ಪನ ತಾಯಿ. ಮಾಗಡಿ ಕಡೆಯ ಹಳ್ಳಿಯಿಂದ ಎರಡು ದಿನದ ಹಿಂದೆ ಬಂದಿದ್ದರಂತೆ. ಮಗುವಿನ ಮನೆಯಲ್ಲಿ ಅಜ್ಜಿ ಬಂದಿದ್ದಾರೆ ಎಂಬುದೂ ನನಗೆ ಗೊತ್ತಿರಲಿಲ್ಲ.

ಅಜ್ಜಿ ನನ್ನ ಪಕ್ಕದಲ್ಲಿ ಬೆಂಚಿನ ಮೇಲೆ ಕೂತು ಮಗುವಿನ ಪಾದ ಹಿಡಿದುಕೊಂಡರು.

"ಎರಡು ಸುತ್ತು ಜಾಯಿಕಾಯಿ ಹಾಕಿದೆ ಕಣಮ್ಮಾ" ಎಂದೆ, ಅಪರಾಧಿಯ ಹಾಗೆ.

ಅಜ್ಜಿ ತಟ್ಟನೆ ನನ್ನ ಮುಖ ನೋಡಿದರು.

"ನಾನೂ ಹಾಕಿದ್ದೆ" ಎಂದರು. ಪಿಸುಮಾತು. "ಹೊತ್ತಾರೆ. ರಾತ್ರಿಯೆಲ್ಲ ಕೂಸು ಕಣ್ ಮುಚ್ನಿಲ್ಲ ಅಂತವ. ನಾಕ್ ಸುತ್ತು. ಕಣ್ಣೂ ಕಾಣ್ಸಕಿಲ್ಲ ನಂಗೆ, ಐದಾಯ್ತೋ ಏನೋ."

"ಮಗುವಿನ ತಾಯಿಗೆ ಹೇಳಲಿಲ್ವಾ?"

"ಅವಳ್ಗೆ ಇವೆಲ್ಲ ಆಗಕಿಲ್ಲ. ಮೊದ್ಲೇ ಹೇಳವ್ಳೆ, ಹಳ್ಳಿ ಔಷಧಿ ಹಾಕೀರಾ ಅಂತ. ಅವ್ಳು ಸ್ನಾನಕ್ಕೋದಾಗ ಹಾಕ್ದೆ ಕಣವ್ವ. ನಿನ್ ದಮ್ಮಯ್ಯ, ಅವ್ಳಿಗೆ ಹೇಳ್ಬ್ಯಾಡ."

"ಡಾಕ್ಟರಿಗೆ ಹೇಳಿ. ಈಗಲೇ ಹೇಳಿ."

ಹೇಳಿದರು. ಡಾಕ್ಟರು ಹಣೆ ಚಚ್ಚಿಕೊಂಡರು. "ಒಂದು ಮಗೂಗೆ ಎಷ್ಟು ಜನ ವೈದ್ಯರು!" ಎಂದು ಗದರಿದರು. ಆದರೆ ಆ ಗದರಿಕೆಯಲ್ಲಿ ಮೊದಲಿನ ಅನುಮಾನ ಇರಲಿಲ್ಲ. ಅಫೀಮಲ್ಲ ಎಂದು ತಿಳಿದ ಮೇಲೆ ಅವರ ಭುಜವೂ ಒಂದಿಷ್ಟು ಇಳಿಯಿತು. ದೊಡ್ಡಾಸ್ಪತ್ರೆ ಬೇಡ, ಇಲ್ಲೇ ಕಾಯೋಣ ಎಂದರು.

ನಾಲ್ಕೂವರೆಗೆ ನನ್ನ ತೊಡೆ ಬೆಚ್ಚಗಾಯಿತು. ಮಗು ಒದ್ದೆ ಮಾಡಿಕೊಂಡಿತ್ತು. "ಒಳ್ಳೇದಾಯ್ತು, ಒಳ್ಳೇದಾಯ್ತು" ಎಂದು ಡಾಕ್ಟರು ನಕ್ಕರು. ಸೀರೆಯೆಲ್ಲ ನೆನೆದು ಕಾಲಿಗಿಳಿಯುತ್ತಿತ್ತು. ನನಗೆ ಅದು ತೀರ್ಥ. ಸ್ವಲ್ಪ ಹೊತ್ತಿಗೆ ಪುಟ್ಟಿ ಮುಖ ಸಿಂಡರಿಸಿ, ಒಂದು ಕಣ್ಣು ಬಿಟ್ಟು, ನನ್ನನ್ನು ನೋಡಿ, ಬಾಯಿ ಸೊಟ್ಟ ಮಾಡಿ ಅತ್ತಳು. ಅಷ್ಟು ಇಂಪಾದ ಅಳುವನ್ನು ನಾನು ಕೇಳಿರಲಿಲ್ಲ. ಅಜ್ಜಿಯೂ ನಾನೂ ಒಬ್ಬರನ್ನೊಬ್ಬರು ಹಿಡಿದುಕೊಂಡು ಅತ್ತೆವು.

ಐದೂವರೆಗೆ ತಂದೆತಾಯಿ ಬಂದರು. ಮನೆಯ ಪಕ್ಕದವರು ಹೇಳಿದ್ದರಂತೆ. ತಾಯಿ ನನ್ನ ಮಡಿಲಿನಿಂದ ಮಗುವನ್ನು ಕಿತ್ತುಕೊಂಡಳು.

"ಏನ್ ಕೊಟ್ರಿ ಆಂಟಿ? ನನ್ನ ಮಗೂಗೆ ಏನ್ ಕೊಟ್ರಿ?"

ಡಾಕ್ಟರು ಒಳಗೆ ಬೇರೆ ರೋಗಿಯನ್ನು ನೋಡುತ್ತಿದ್ದರು. ಅಜ್ಜಿ ನೆಲ ನೋಡುತ್ತಿದ್ದರು. ನಾನು ಬಾಯಿ ತೆರೆದೆ. ನಾನು ಮನಸ್ಸಿನಲ್ಲಿ ಒಂದಿಟ್ಟುಕೊಂಡು ಬಾಯಲ್ಲಿ ಒಂದಾಡುವವಳಲ್ಲ. ಆ ಹೊತ್ತು ಮಾತ್ರ ಪೂರ್ತಿ ಬರಲಿಲ್ಲ. ಅಜ್ಜಿಯ ಮೇಲಿನ ಕರುಣೆಯಿಂದ ಸುಮ್ಮನಾದೆ ಎಂದು ಹೇಳಿಕೊಂಡರೆ ಚೆನ್ನಾಗಿರುತ್ತದೆ, ಆದರೆ ಸುಳ್ಳಾಗುತ್ತದೆ. ನನ್ನ ತಲೆ ಅಲ್ಲಿ ಇರಲೇ ಇಲ್ಲ.

"ಜಾಯಿಕಾಯಿ ಕೊಟ್ಟೆ" ಎಂದೆ. "ನಿಮ್ಮನ್ನ ಕೇಳದೆ ಕೊಟ್ಟೆ. ತಪ್ಪಾಯ್ತು."

"ನಿಮ್ಮನ್ನ ನಂಬಿ ಬಿಟ್ಟಿದ್ದೆ. ನಾಳೆಯಿಂದ ಬರಲ್ಲ. ಬೇರೆಯೋರಿಗೂ ಹೇಳ್ತೀನಿ, ನೋಡ್ತಿರಿ."

ಹೇಳಿದಳು. ಬುಧವಾರ ಬೆಳಗ್ಗೆ ಒಬ್ಬ ಮಾತ್ರ ಬಂದ, ಸ್ಕೂಟರಿನವರ ಮಗ. ಆ ತಂದೆ ಬಸ್ ಸ್ಟಾಪಿನಲ್ಲಿ ನಿಲ್ಲುವವರಲ್ಲವಾದ್ದರಿಂದ ಸುದ್ದಿ ಅವರಿಗೆ ಮುಟ್ಟಿರಲಿಲ್ಲ. ಗುರುವಾರವೂ ಅವನೊಬ್ಬನೇ. ನಡುಮನೆಯಲ್ಲಿ ನಾಲ್ಕು ಚಾಪೆ ಸುತ್ತಿಟ್ಟೇ ಇದ್ದವು. ಆ ಮಗು ಒಂದೇ ಕೂತು ನನ್ನನ್ನೇ ನೋಡುತ್ತಿತ್ತು, ಉಳಿದವರೆಲ್ಲಿ ಎಂದು.

ಯಜಮಾನರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಊಟಕ್ಕೆ ಕೂತಾಗ ತಟ್ಟೆ ನೋಡುತ್ತ, "ಈ ಪರೀಕ್ಷೆ ಮುಗೀಲಿ. ಮಗಳ ಸ್ಕೂಲಿಗೆ ರಜ ಬರುತ್ತಲ್ಲ, ಆವಾಗ ಅಣ್ಣನ ಮನೆಗೆ ಹೋಗೋ ಏರ್ಪಾಡು ಮಾಡ್ಕೋ" ಎಂದರು. ಮಗಳು ಕೇಳಿಸಿಕೊಂಡಳು. "ಅಪ್ಪನೂ ಬರ್ತಾರಾ?" ಎಂದಳು. ನಾನು ಅವಳ ತಟ್ಟೆಗೆ ಇನ್ನಷ್ಟು ಅನ್ನ ಬಡಿಸಿದೆ.

ಆ ರಾತ್ರಿ ಮದ್ದಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟೆ. ಮತ್ತೆ ಯಾರ ಮಗುವಿಗೂ ನಾನಾಗಿ ಏನನ್ನೂ ಕೊಟ್ಟಿಲ್ಲ.

ಶುಕ್ರವಾರ ನಾನು ಬಾಗಿಲಿಗೆ ಅರಿಶಿನ ಕುಂಕುಮ ಇಡುತ್ತಿದ್ದಾಗ ಪುಟ್ಟಿಯ ತಾಯಿ ಗೇಟು ತೆಗೆದಳು. ಕೆಲಸಕ್ಕೆ ಹೋಗಿರಲಿಲ್ಲ. ಹಿಂದೆ ಅಜ್ಜಿ, ಅಜ್ಜಿಯ ಸೊಂಟದಲ್ಲಿ ಪುಟ್ಟಿ. ಇನ್ನೂ ಬೈಯಲು ಬಂದಿದ್ದಾಳೆ ಎಂದುಕೊಂಡು ನಾನು ಕೈ ಒರೆಸಿಕೊಂಡು ನಿಂತೆ. ಅವಳು ಮೆಟ್ಟಿಲ ಮೇಲೆ ಕೂತುಬಿಟ್ಟಳು.

"ಯಾಕ್ ಹೇಳ್ಲಿಲ್ಲ ಆಂಟಿ ನೀವು?"

"ಏನನ್ನ?"

"ಅತ್ತೆ ನಿನ್ನೆ ಹೇಳಿದ್ರು, ಎಲ್ಲಾನೂ. ಎರಡು ದಿನ ಊಟ ಬಿಟ್ಟು ಕೂತಿದ್ರು. ಕೇಳಿದ್ರೆ ಅತ್ತುಬಿಟ್ರು."

ಅಜ್ಜಿ ಹಿಂದಿನಿಂದ, "ಊರಿಗ್ ಕಳ್ಸಿದ್ರೆ ಕಳ್ಸು ಅಂದೆ ಕಣವ್ವ. ಆ ಹೆಣ್ಮಗಳ ಹೆಸರು ಕೆಟ್ಟೋದ್ರೆ ನಂಗೆ ಅನ್ನ ಇಳೀಯಾಕಿಲ್ಲ ಅಂದೆ" ಎಂದರು.

"ಕಳಿಸೋದೇನೂ ಇಲ್ಲ" ಎಂದಳು ಸೊಸೆ, ಅತ್ತೆಯ ಕಡೆ ತಿರುಗದೆ. "ಪುಟ್ಟೀನ ಅವರೇ ನೋಡ್ಕೋತಾರೆ, ವರ್ಷ ತುಂಬೋವರೆಗೂ." ಆಮೇಲೆ ನನಗೆ, "ಬೇಜಾರು ಮಾಡ್ಕೋಬೇಡಿ ಆಂಟಿ. ನನಗಿನ್ನೂ ಭಯ ಹೋಗಿಲ್ಲ."

"ನನಗೂ ಹೋಗಿಲ್ಲಮ್ಮ" ಎಂದೆ. ಅದು ನಿಜ. "ನಾನೂ ಕೇಳ್ಲಿಲ್ಲ, ನೀವೂ ಹೇಳ್ಲಿಲ್ಲ. ಮಗು ಹೆಸರೇ ಗೊತ್ತಿರ್ಲಿಲ್ಲ ನಂಗೆ."

ಅವಳು ಹೆಸರು ಹೇಳಿದಳು. ಉದ್ದದ, ಚೆಂದದ ದೇವಿಯ ಹೆಸರು. "ಬಸ್ ಸ್ಟಾಪಲ್ಲಿ ಎಲ್ಲರಿಗೂ ಸರಿಯಾಗಿ ಹೇಳ್ತೀನಿ" ಎಂದು ಎದ್ದಳು.

ಹೇಳಿದಳೆಂದು ಸೋಮವಾರ ಗೊತ್ತಾಯಿತು. ಹೋಗಿದ್ದವರಲ್ಲಿ ಇಬ್ಬರು ತಾಯಂದಿರು ಏಳೂವರೆಗೆ ಬಾಗಿಲಲ್ಲಿದ್ದರು. ನಾನು ಮಗುವಿಗೆ ಕೈ ಚಾಚಲಿಲ್ಲ. ಮೊದಲು ಮೆಟ್ಟಿಲ ಮೇಲೆ ಎರಡು ಮಣೆ ಹಾಕಿದೆ.

"ಕೂತ್ಕೊಂಡು ಹೇಳಿ. ರಾತ್ರಿ ಹೇಗಿತ್ತು, ಏನು ತಿಂತು, ಮನೇಲಿ ಯಾರು ಏನು ಕೊಟ್ರು. ಹೇಳದೆ ನಾನು ಮಗು ಇಸ್ಕೊಳಲ್ಲ."

"ಬಸ್ ಹೋಗುತ್ತೆ ಆಂಟಿ."

"ನಾಳೆಯಿಂದ ಹತ್ತು ನಿಮಿಷ ಮುಂಚೆ ಬನ್ನಿ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕೂತರು. ಒಬ್ಬಳು ಹೇಳಲು ಶುರುಮಾಡಿದವಳು ಮಗುವಿನಿಂದ ಗಂಡನಿಗೆ, ಗಂಡನಿಂದ ನಾದಿನಿಗೆ ಹೋಗಿ ನಿಂತಳು. ನಾನೇ ಬಸ್ಸಿನ ನೆನಪು ಮಾಡಿ ಎಬ್ಬಿಸಬೇಕಾಯಿತು.

ಅವರು ಹೋಗುತ್ತಿದ್ದಂತೆ ಸ್ಕೂಟರು ಬಂತು. ಇಂಜಿನ್ ಡುಗ್ ಡುಗ್ ಎನ್ನುತ್ತಲೇ ಇತ್ತು. ಮಗು ಗಾಳಿಯಲ್ಲಿ ನನ್ನ ಕಡೆ ಬಂತು. ನಾನು ಕೈಯನ್ನು ಸೆರಗಿನೊಳಗೇ ಇಟ್ಟುಕೊಂಡೆ. ಆ ಮಂಗಳವಾರದ ಮೇಲೂ ತಪ್ಪದೆ ನನ್ನ ಮನೆಗೆ ಬಂದಿದ್ದು ಅದೊಂದೇ ಮಗು. ಅದೂ ಹೋದರೆ ಉಳಿಯುವುದು ಎರಡೇ, ಎರಡರಲ್ಲಿ ನಾವು ಬೆಂಗಳೂರಿನಲ್ಲಿ ಉಳಿಯಲಾರೆವು.

"ಇಳಿದು ಹೇಳಿ ಸಾರ್. ರಾತ್ರಿ ಹೇಗೆ ಮಲಗಿದ?"

"ಏನು?"

"ಇಂಜಿನ್ ನಿಲ್ಲಿಸಿ. ಕೇಳಿಸ್ತಿಲ್ಲ."

"ಟೈಮಿಲ್ಲಮ್ಮಾ, ಬ್ಯಾಂಕಿಗೆ ಹೊತ್ತಾಗುತ್ತೆ. ಇದೇನು ಹೊಸ ರೂಲ್ಸು?"

"ರೂಲ್ಸೇ ಸಾರ್. ಹೇಳಕ್ಕಾಗಲ್ಲ ಅಂದ್ರೆ ಇವತ್ತು ಮಗು ಬೇಡ."

ಅಷ್ಟು ಹೇಳಿದ್ದು ನಾನೇ ಎಂದು ನನಗೇ ನಂಬಿಕೆ ಬರಲಿಲ್ಲ. ಇಂಜಿನ್ ನಿಂತಿತು. ಅದು ನಿಂತ ಮೇಲೆ ಬೀದಿ ಎಷ್ಟು ನಿಶ್ಶಬ್ದವಾಗಿದೆ ಎಂದು ತಿಳಿಯಿತು.

"ಮಲಗಿದ್ದ" ಎಂದರು. "ಮಲಗಿದ್ದ ಅನ್ಸುತ್ತೆ."

"ಬೆಳಗ್ಗೆ ಏನು ತಿಂದ?"

ಅವರು ಮಗನ ಮುಖ ನೋಡಿದರು, ಅವನು ಹೇಳಬಹುದೇನೋ ಎಂಬಂತೆ. ಮಗ ಹ್ಯಾಂಡಲಿನ ಬ್ರೇಕು ಎಳೆಯುತ್ತಿದ್ದ. "ಇಡ್ಲಿ ಇರಬೇಕು. ಅದೆಲ್ಲ ನಮ್ಮನೆಯೋಳಿಗೆ ಗೊತ್ತಿರುತ್ತೆ. ನಾಳೆ ಕೇಳ್ಕೊಂಡು ಬರ್ತೀನಿ."

"ಇವತ್ತೇ ಕೇಳ್ಕೊಂಡು ಬನ್ನಿ ಸಾರ್."

ಒದ್ದು ಸ್ಟಾರ್ಟ್ ಮಾಡಿ ಹೋಗಿಬಿಟ್ಟರು. ಮಗು ಹಿಂದೆ ತಿರುಗಿ ನನ್ನನ್ನು ನೋಡುತ್ತ ಹೋಯಿತು. ಮನೆ ಒಡತಿ ಕೊಟ್ಟಿಗೆಯ ಬಾಗಿಲಿಂದ, "ಓಡುಸ್ಬುಟ್ಟಲ್ಲೇ! ಬಾಡ್ಗೆ ಯಾರ್ ಕೊಡ್ತಾರೆ, ಆಂಜನೇಯ್ನಾ?" ಎಂದು ಕೂಗಿದರು. ನಾನು ಮೆಟ್ಟಿಲ ಮೇಲೆ ಕುಸಿದು ಕೂತೆ. ಒಳಗೆ ಎರಡು ಮಕ್ಕಳು ಒಂದೇ ಗಿಲಕಿಗೆ ಜಗಳವಾಡುತ್ತಿದ್ದವು.

ಹತ್ತು ನಿಮಿಷವಾಗಿರಬಹುದು, ಸ್ಕೂಟರಿನ ಸದ್ದು ಮತ್ತೆ ತಿರುವಿನಲ್ಲಿ ಕೇಳಿಸಿತು. ಮುಂದೆ ಮಗು, ಹಿಂದೆ ಹೆಂಡತಿ. ಅರ್ಧ ಹೆಣೆದ ಜಡೆಯನ್ನು ಒಂದು ಕೈಯಲ್ಲಿ ಹಿಡಿದುಕೊಂಡು, ಹಲ್ಲಿನಲ್ಲಿ ಟೇಪು ಕಚ್ಚಿಕೊಂಡು ಬಂದಿದ್ದಳು. ಆಕೆಯನ್ನು ನಾನು ನೋಡಿದ್ದು ಅದೇ ಮೊದಲು. ಗಂಡ ಇಂಜಿನ್ ಆಫ್ ಮಾಡಿ ಸ್ಟ್ಯಾಂಡ್ ಹಾಕುವ ಮೊದಲೇ ಕೆಳಗಿಳಿದು, ಟೇಪು ತೆಗೆದು, "ಎರಡು ದಿನದಿಂದ ಹೊಟ್ಟೆ ಸರಿ ಇಲ್ಲ ಇವನಿಗೆ. ಹೇಳಿ ಕಳಿಸಿದ್ನಲ್ಲ, ಇವರು ಹೇಳ್ಲಿಲ್ವಾ?" ಎಂದಳು.

"ಇಲ್ಲಮ್ಮ" ಎಂದೆ.

ಆಕೆ ಗಂಡನ ಕಡೆ ತಿರುಗಿದಳು. ಅವರು ವಾಚು ನೋಡಿಕೊಂಡು, ಬ್ಯಾಂಕಿನ ಮಾತೆತ್ತದೆ, ಸ್ಕೂಟರಿನ ಕನ್ನಡಿ ಒರೆಸತೊಡಗಿದರು. ನಾನು ಮಗುವಿಗೆ ಕೈ ಚಾಚಿದೆ.